ನೆಲದ ನೆನಪಿಗೂ ನಕ್ಷೆಯಲ್ಲಿ ಜಾಗ ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದು ಕಣಿವೆಯನ್ನೋ ನದೀಪಾತ್ರವನ್ನೋ ಬೆಟ್ಟಸಾಲನ್ನೋ ಇಡಿಯಾಗಿ ಗಮನದಲ್ಲಿಟ್ಟುಕೊಂಡು ಸಂರಕ್ಷಣಾ ಯೋಜನೆ ಸಿದ್ಧಪಡಿಸುವಾಗ ಅಲ್ಲಿನ ಸಾಂಸ್ಕೃತಿಕ ಪರಂಪರೆಗೆ ಯಾವ ಸ್ಥಾನ ಕೊಡಬೇಕು ಎಂಬುದರ ಸುತ್ತ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಲಾಗಿದೆ.

ಪ್ರಶ್ನೆ: ಕಾಡು, ಜೌಗುನೆಲ, ಹುಲ್ಲುಗಾವಲುಗಳನ್ನು ಉಳಿಸುವುದಕ್ಕೇ ಹಣ ಮತ್ತು ಸಮಯ ಸಾಲದಿರುವಾಗ ಹಳೆಯ ಗೋಡೆ, ಸಮಾಧಿ, ಕಾಲುದಾರಿಗಳ ವಿಷಯವನ್ನೂ ಅದೇ ಯೋಜನೆಗೆ ಸೇರಿಸುವುದು ಸರಿಯೇ? ಅದನ್ನು ನೋಡಿಕೊಳ್ಳಲು ಪುರಾತತ್ವ ಇಲಾಖೆಗಳಿವೆಯಲ್ಲವೇ? — ಪರಿಸರ ವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪ್ರಶ್ನೆಯ ಹಿಂದೆ ಒಂದು ನಂಬಿಕೆಯಿದೆ. ನಿಸರ್ಗ ಮೊದಲಿತ್ತು, ಮನುಷ್ಯ ಆಮೇಲೆ ಬಂದು ಅದರ ಮೇಲೆ ಗೋಡೆ, ಗುಡಿ, ದಾರಿಗಳನ್ನು ಇಟ್ಟ, ಆದ್ದರಿಂದ ಎರಡನ್ನೂ ಬೇರೆ ಬೇರೆ ಇಲಾಖೆಗಳು ನೋಡಿಕೊಂಡರೆ ಸಾಕು ಎಂಬ ನಂಬಿಕೆ ಅದು. ಸಂರಕ್ಷಣೆಯ ಚರಿತ್ರೆಯಲ್ಲಿ ಇದು ಬಹಳ ಕಾಲ ನಡೆದುಬಂದಿದೆ. 1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾದಾಗ ಅದನ್ನು ಮನುಷ್ಯರ ಕೈ ತಾಗದ ನೆಲವೆಂಬಂತೆ ಬಣ್ಣಿಸಲಾಯಿತು. ಆದರೆ ಅದೇ ಉದ್ಯಾನದ ಒಂದು ಕಡಿದಾದ ಬಂಡೆಯಿಂದ ಜನರು ಸುಮಾರು 11,000 ವರ್ಷಗಳಿಂದ ಅಬ್ಸಿಡಿಯನ್ ಎಂಬ ಕಪ್ಪು ಗಾಜುಗಲ್ಲನ್ನು ತೆಗೆದು ಅಲಗುಗಳನ್ನು ಮಾಡುತ್ತಿದ್ದರು, ಮತ್ತು ಆ ಕಲ್ಲು ಎರಡು ಸಾವಿರ ಕಿಲೋಮೀಟರಿಗೂ ದೂರದ ಒಹಾಯೊ ಪ್ರದೇಶದ ಪ್ರಾಚೀನ ಮಣ್ಣಿನ ದಿಬ್ಬಗಳಲ್ಲಿ ಸಿಕ್ಕಿದೆ.

ಮನುಷ್ಯರ ನಡವಳಿಕೆಯನ್ನು ಲೆಕ್ಕದಿಂದ ಬಿಟ್ಟರೆ ನಿಸರ್ಗದ ಲೆಕ್ಕವೂ ತಪ್ಪುತ್ತದೆ ಎಂಬುದಕ್ಕೆ ಭರತಪುರದ ಕೇವಲಾದೇವ್ ಜೌಗುನೆಲದಷ್ಟು ಸ್ಪಷ್ಟವಾದ ಉದಾಹರಣೆ ಕಡಿಮೆ. ಆ ಜೌಗುನೆಲವೇ ಮನುಷ್ಯರು ಏರಿ ಕಟ್ಟಿ, ನೀರು ನಿಲ್ಲಿಸಿ ಮಾಡಿದ್ದು. ಸುತ್ತಲಿನ ಹಳ್ಳಿಗಳ ಎಮ್ಮೆ, ದನಗಳು ತಲೆಮಾರುಗಳಿಂದ ಅಲ್ಲಿ ಮೇಯುತ್ತಿದ್ದವು. ರಾಷ್ಟ್ರೀಯ ಉದ್ಯಾನವಾದ ಮೇಲೆ 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದಾಗ ನಡೆದ ಘರ್ಷಣೆಯಲ್ಲಿ ಪ್ರಾಣಹಾನಿಯೂ ಆಯಿತು. ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಹಲವು ವರ್ಷ ಅಧ್ಯಯನ ನಡೆಸಿ ಕಂಡುಕೊಂಡದ್ದು ನಿಷೇಧದ ಉದ್ದೇಶಕ್ಕೆ ತದ್ವಿರುದ್ಧವಾಗಿತ್ತು: ಎಮ್ಮೆಗಳು ತಿನ್ನುತ್ತಿದ್ದ ಪ್ಯಾಸ್ಪಲಂ ಎಂಬ ಹುಲ್ಲು ತಡೆಯಿಲ್ಲದೆ ಹಬ್ಬಿ ನೀರಿನ ಮೈಯನ್ನು ಮುಚ್ಚಿತ್ತು, ತೆರೆದ ನೀರನ್ನು ಬಯಸುವ ಹಕ್ಕಿಗಳಿಗೆ ಜಾಗ ಕಡಿಮೆಯಾಗಿತ್ತು. ಎಮ್ಮೆ ಮೇಯಿಸುವ ವಾಡಿಕೆಯನ್ನು ಜೌಗುನೆಲದ ಒಂದು ಅಂಗವೆಂದು ಯೋಜನೆಯ ಮೊದಲ ಪುಟದಲ್ಲೇ ಬರೆದಿದ್ದರೆ, ಅದನ್ನು ಎಷ್ಟು ಉಳಿಸಬೇಕು, ಎಲ್ಲಿ ತಡೆಯಬೇಕು ಎಂಬ ಚರ್ಚೆಯಾದರೂ ನಡೆಯುತ್ತಿತ್ತು.

ಇಟಲಿಯ ಕಡಲತೀರದ ಚಿಂಕ್ವೆ ತೆರ್ರೆಯಲ್ಲಿ ಕಡಿದಾದ ಗುಡ್ಡಗಳನ್ನು ಹಿಡಿದು ನಿಲ್ಲಿಸಿರುವುದು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ದ್ರಾಕ್ಷಿ ಬೆಳೆಯುತ್ತಿದ್ದವರು ಊರು ಬಿಟ್ಟಂತೆ ಗೋಡೆಗಳ ದುರಸ್ತಿ ನಿಂತು, ಕೈಬಿಟ್ಟ ಮೆಟ್ಟಿಲು ಹೊಲಗಳು ಕುಸಿಯತೊಡಗಿದವು. 2011ರ ಅಕ್ಟೋಬರ್ 25ರ ಮಳೆಯಲ್ಲಿ ವೆರ್ನಾಜಾ ಮತ್ತು ಮೊಂತೆರೊಸ್ಸೊ ಊರುಗಳೊಳಗೆ ನುಗ್ಗಿದ ಮಣ್ಣು, ಕಲ್ಲುಗಳ ಪ್ರವಾಹವನ್ನು ನೋಡಿದ ಮೇಲೆ ಆ ಗೋಡೆಗಳು ಪರಂಪರೆಯ ಪಟ್ಟಿಗೆ ಸೇರಿದವೋ ಮಣ್ಣಿನ ಸವಕಳಿ ತಡೆಯುವ ಪಟ್ಟಿಗೆ ಸೇರಿದವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹೀಗಾಗಿ ನನ್ನ ಅಭಿಪ್ರಾಯ ಖಚಿತವಾಗಿದೆ. ನಾವು ಉಳಿಸಲು ಹೊರಟಿರುವ ನೆಲ ಈಗಿರುವ ರೂಪಕ್ಕೆ ಬರಲು ಕಾರಣವಾದದ್ದರಲ್ಲಿ ಪರಂಪರೆಯೂ ಒಂದು. ಕಾರಣವನ್ನು ಬಿಟ್ಟು ಫಲವನ್ನು ಮಾತ್ರ ಕಾಪಾಡಲು ಹೊರಟರೆ ಇರುವ ಹಣವೂ ಸಮಯವೂ ಇನ್ನಷ್ಟು ಪೋಲಾಗುತ್ತವೆ.

ಪ್ರಶ್ನೆ: 'ಸಾಂಸ್ಕೃತಿಕ ಭೂದೃಶ್ಯ' ಎಂಬ ಮಾತು ಎಲ್ಲಿಂದ ಬಂತು? ಅದಕ್ಕೆ ಅಧಿಕೃತ ಮಾನ್ಯತೆ ಇದೆಯೇ? — ಶಾಲಾ ಶಿಕ್ಷಕರು

ಉತ್ತರ: ನಿಸರ್ಗವೂ ಮನುಷ್ಯರ ಬದುಕೂ ಸೇರಿ ರೂಪಿಸಿದ ನೆಲ ಎಂಬುದು ಈ ಮಾತಿನ ಅರ್ಥ. ಭೂಗೋಳಶಾಸ್ತ್ರದಲ್ಲಿ ಈ ಪರಿಕಲ್ಪನೆ ಹಳೆಯದು, ಅಮೆರಿಕದ ಭೂಗೋಳತಜ್ಞ ಕಾರ್ಲ್ ಸವರ್ 1925ರಲ್ಲಿಯೇ ಇದನ್ನು ವಿವರವಾಗಿ ಮಂಡಿಸಿದ್ದರು. ಯುನೆಸ್ಕೊದ ವಿಶ್ವ ಪರಂಪರೆ ಒಪ್ಪಂದ 1972ರಲ್ಲಿ ರೂಪುಗೊಂಡರೂ ಅದರ ಮಾರ್ಗಸೂಚಿಯಲ್ಲಿ ಸಾಂಸ್ಕೃತಿಕ ಭೂದೃಶ್ಯಕ್ಕೆ ಸ್ಥಾನ ಸಿಕ್ಕಿದ್ದು 1992ರಲ್ಲಿ. ನ್ಯೂಜಿಲೆಂಡಿನ ಟೊಂಗಾರಿರೊ ಪರ್ವತಗಳು 1990ರಲ್ಲಿ ನೈಸರ್ಗಿಕ ತಾಣವಾಗಿ ಪಟ್ಟಿ ಸೇರಿದ್ದವು. 1993ರಲ್ಲಿ ಅವೇ ಪರ್ವತಗಳು ಮಾವೊರಿ ಜನರೊಂದಿಗಿನ ಸಂಬಂಧದ ಕಾರಣಕ್ಕೆ ಸಾಂಸ್ಕೃತಿಕ ಭೂದೃಶ್ಯವಾಗಿಯೂ ಮಾನ್ಯವಾದವು, ಈ ಹೊಸ ಮಾನದಂಡದಡಿ ಮಾನ್ಯವಾದ ಮೊದಲ ತಾಣವೂ ಅದೇ. ಆ ಮೂರು ವರ್ಷಗಳಲ್ಲಿ ಪರ್ವತದಲ್ಲಿ ಏನೂ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು. 2000ದಲ್ಲಿ ಫ್ಲಾರೆನ್ಸ್‌ನಲ್ಲಿ ಸಹಿಯಾಗಿ 2004ರಲ್ಲಿ ಜಾರಿಗೆ ಬಂದ ಯುರೋಪಿನ ಭೂದೃಶ್ಯ ಒಪ್ಪಂದ ಇನ್ನೂ ಮುಂದೆ ಹೋಗಿ, ಜನರು ಗ್ರಹಿಸುವ ಪ್ರದೇಶವೇ ಭೂದೃಶ್ಯ ಎಂದಿತು. ವಿಶೇಷ ತಾಣಗಳಷ್ಟೇ ಅಲ್ಲ, ದಿನನಿತ್ಯದ ಸಾಮಾನ್ಯ ನೆಲವೂ ಅದರ ವ್ಯಾಪ್ತಿಗೆ ಬರುತ್ತದೆ.

ಪ್ರಶ್ನೆ: ನಾನು ಯೋಜನಾ ತಂಡವೊಂದರಲ್ಲಿ ನಕ್ಷೆಗಳ ಕೆಲಸ ಮಾಡುತ್ತೇನೆ. ಮಾಹಿತಿಯನ್ನು ಪದರ ಪದರವಾಗಿ ತೋರಿಸುವ ನಮ್ಮ ಕಂಪ್ಯೂಟರ್ ನಕ್ಷೆ ವ್ಯವಸ್ಥೆ ಜಿಐಎಸ್‌ನಲ್ಲಿ ಪುರಾತತ್ವ ತಾಣಗಳ ಒಂದು ಪದರವನ್ನು ಕೊನೆಯಲ್ಲಿ ಸೇರಿಸುತ್ತೇವೆ. ಅಷ್ಟು ಮಾಡಿದರೆ ಪರಂಪರೆಯನ್ನು ಒಳಗೊಂಡಂತಾಗುವುದಿಲ್ಲವೇ? — ಜಿಐಎಸ್ ತಂತ್ರಜ್ಞರು

ಉತ್ತರ: ಆಗುವುದಿಲ್ಲ, ಮತ್ತು ಇದೇ ಈ ಇಡೀ ವಿಷಯದ ಮರ್ಮವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊನೆಯಲ್ಲಿ ಸೇರಿಸಿದ ಪದರ ಒಂದೇ ಕೆಲಸ ಮಾಡಬಲ್ಲದು: ಇಲ್ಲಿ ಅಗೆಯಬೇಡಿ ಎಂದು ಎಚ್ಚರಿಸುವುದು. ಏನನ್ನು ಉಳಿಸಬೇಕು ಎಂಬ ನಿರ್ಧಾರ ಅಷ್ಟು ಹೊತ್ತಿಗೆ ಮುಗಿದುಹೋಗಿರುತ್ತದೆ. ನೀವು ಬಳಸುತ್ತಿರಬಹುದಾದ ಮಾರ್ಕ್ಸಾನ್‌ನಂಥ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆಂದು ನೆನಪಿಸಿಕೊಳ್ಳಿ. ಪ್ರದೇಶವನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು, ನಾವು ಕೊಟ್ಟ ಗುರಿಗಳನ್ನು ಆದಷ್ಟು ಕಡಿಮೆ ವೆಚ್ಚದಲ್ಲಿ ಮುಟ್ಟುವ ಘಟಕಗಳ ಗುಂಪನ್ನು ಅದು ಆರಿಸುತ್ತದೆ. ಗುರಿಯಾಗಿ ಕೊಡದಿದ್ದದ್ದು ಅದರ ಮಟ್ಟಿಗೆ ಇಲ್ಲವೇ ಇಲ್ಲ. ಪರಂಪರೆಯ ತಾಣವನ್ನು ಅಡ್ಡಿ ಅಥವಾ ವೆಚ್ಚ ಎಂದು ದಾಖಲಿಸಿದರೆ ಆಯ್ಕೆ ಅದರಿಂದ ದೂರ ಸರಿಯುತ್ತದೆ, ಗುರಿ ಎಂದು ದಾಖಲಿಸಿದರೆ ಅದರತ್ತ ಬರುತ್ತದೆ. ಒಂದೇ ತಾಣ ಯಾವ ಕಾಲಂಗೆ ಸೇರಿತು ಎಂಬುದರ ಮೇಲೆ ಕೊನೆಯ ನಕ್ಷೆ ಬೇರೆಯೇ ಆಗಬಹುದು. ಆದ್ದರಿಂದ ಗುರಿಗಳ ಪಟ್ಟಿ ಮಾಡುವ ಮೊದಲ ಸಭೆಯಲ್ಲೇ ಆ ನೆಲದ ಜನರೂ ಪರಂಪರೆಯ ತಜ್ಞರೂ ಕುಳಿತಿರಬೇಕು.

ಇನ್ನು ಆ ಪದರದೊಳಗಿನ ಮಾಹಿತಿಯ ಮಾತು. ಪುರಾತತ್ವದ ದಾಖಲೆಗಳಲ್ಲಿ ಚುಕ್ಕೆಗಳಿರುವುದು ಯಾರಾದರೂ ಹುಡುಕಿದ ಕಡೆ. ರಸ್ತೆ, ಅಣೆಕಟ್ಟು, ಕೊಳವೆಮಾರ್ಗಗಳಿಗಾಗಿ ಸಮೀಕ್ಷೆ ನಡೆದ ಕಡೆ ಚುಕ್ಕೆಗಳು ದಟ್ಟವಾಗಿರುತ್ತವೆ. ಯಾರೂ ಕಾಲಿಡದ ಬೆಟ್ಟದ ಹಿಂಭಾಗ ಬರಿದಾಗಿ ಕಾಣುತ್ತದೆ. ಬರಿದಾದ ಜಾಗವನ್ನು ಪರಂಪರೆಯಿಲ್ಲದ ಜಾಗವೆಂದು ಓದುವುದು ನಾನು ಕಂಡ ಯೋಜನಾ ದಾಖಲೆಗಳಲ್ಲಿನ ಅತಿ ಸಾಮಾನ್ಯ ತಪ್ಪು. ಸಮೀಕ್ಷೆಯಾಗದ ಕಡೆ ನಕ್ಷೆಗೆ ಬೇರೆ ಬಣ್ಣ ಕೊಡಿ. ಇಷ್ಟು ಸಣ್ಣ ಬದಲಾವಣೆಯಿಂದಲೇ ಚರ್ಚೆಯ ದಿಕ್ಕು ಬದಲಾಗುತ್ತದೆ. ಆಸ್ಟ್ರೇಲಿಯಾದ ಬುಡ್ಜ್ ಬಿಮ್‌ನಲ್ಲಿ ಗುಂಡಿಟ್ಜ್‌ಮಾರಾ ಜನರು ಲಾವಾಶಿಲೆಯಲ್ಲಿ ಕಾಲುವೆ ತೋಡಿ, ಒಡ್ಡು ಕಟ್ಟಿ ಹಾವುಮೀನು ಸಾಕುತ್ತಿದ್ದ ವ್ಯವಸ್ಥೆ ಕನಿಷ್ಠ 6,600 ವರ್ಷ ಹಳೆಯದು. 2019ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಷ್ಟೆಲ್ಲ ಸಮೀಕ್ಷೆಯಾದ ಆ ತಾಣದಲ್ಲೂ ಕೆಲವೇ ತಿಂಗಳುಗಳ ನಂತರ ಕಾಳ್ಗಿಚ್ಚು ಪೊದೆಗಳನ್ನು ಸುಟ್ಟಾಗ, ಅದುವರೆಗೆ ದಾಖಲಾಗದಿದ್ದ ಕಾಲುವೆಗಳು ಕಣ್ಣಿಗೆ ಬಿದ್ದವು.

ಮೂರನೆಯದಾಗಿ, ಚುಕ್ಕೆ ಎಂಬ ಆಕಾರವೇ ಸಾಲದು. ಋತುವಿಗೆ ತಕ್ಕಂತೆ ಹಿಂಡುಗಳನ್ನು ಹೊಡೆದುಕೊಂಡು ಹೋಗುವ ದಾರಿಯನ್ನು ಗೆರೆಯಾಗಿ, ಬೇರು-ನಾರು ಸಂಗ್ರಹಿಸುವ ಇಳಿಜಾರನ್ನು ಪ್ರದೇಶವಾಗಿ, ಶಿಖರವೊಂದು ಕಾಣಿಸಲೇಬೇಕಾದ ನೋಟವನ್ನು ದಿಕ್ಕಾಗಿ ದಾಖಲಿಸಬೇಕಾಗುತ್ತದೆ. ವನ್ಯಜೀವಿಗಳ ಕಾರಿಡಾರ್‌ಗಳನ್ನು ಗುರುತಿಸುವ ವಿಧಾನಗಳೇ ಹಳೆಯ ದಾರಿಗಳನ್ನು ಗುರುತಿಸಲೂ ಬಹುಮಟ್ಟಿಗೆ ಒದಗುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 1994ರಲ್ಲಿ ಆರಂಭವಾದ ಪದ್ಧತಿಯೊಂದರಲ್ಲಿ ಬಿಡಿ ಸ್ಮಾರಕಗಳನ್ನು ಬದಿಗಿಟ್ಟು, ಇಡೀ ನೆಲವನ್ನೇ ಅದು ಯಾವ ಕಾಲದ ಯಾವ ಬಳಕೆಯಿಂದ ಈ ರೂಪ ಪಡೆಯಿತು ಎಂಬುದರ ಪ್ರಕಾರ ವಿಂಗಡಿಸಲಾಯಿತು. ಅದರ ಲಾಭವೇನೆಂದರೆ ನಕ್ಷೆಯಲ್ಲಿ ಖಾಲಿ ಜಾಗವೇ ಉಳಿಯುವುದಿಲ್ಲ.

ಒಂದು ಮರದ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾದೀತು. ಕೆನಡಾದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಕೆಂಪು ಸೀಡರ್ ಮರಗಳ ಕಾಂಡದ ಮೇಲೆ ಉದ್ದನೆಯ, ಮೇಲೆ ಹೋದಂತೆ ಚೂಪಾಗುವ ಗಾಯದ ಗುರುತುಗಳು ಕಾಣುತ್ತವೆ. ಬುಡದಲ್ಲಿ ಅಡ್ಡಲಾಗಿ ಕಚ್ಚು ಹಾಕಿ, ತೊಗಟೆಯ ಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುತ್ತ ಎಳೆದರೆ ಅದು ಮೇಲಿನವರೆಗೂ ಸೀಳಿ ಬರುತ್ತದೆ. ಒಳತೊಗಟೆಯಿಂದ ಚಾಪೆ, ಬುಟ್ಟಿ, ಹಗ್ಗ, ಉಡುಪುಗಳಾಗುತ್ತಿದ್ದವು. ಮರ ಸಾಯುವುದಿಲ್ಲ. ಗಾಯದ ಎರಡೂ ಅಂಚುಗಳಿಂದ ಹೊಸ ಮರದ ತುಟಿಗಳು ಉಬ್ಬಿಕೊಂಡು ಬೆಳೆಯುತ್ತವೆ, ಆ ತುಟಿಯ ಉಂಗುರಗಳನ್ನು ಎಣಿಸಿದರೆ ಯಾವ ವರ್ಷ ತೊಗಟೆ ಸುಲಿದರೆಂಬುದು ತಿಳಿಯುತ್ತದೆ. ಕಾಡಿನ ಲೆಕ್ಕಪತ್ರದಲ್ಲಿ ಆ ಮರ ಇಷ್ಟು ಘನ ಮೀಟರ್ ದಿಮ್ಮಿ, ಪುರಾತತ್ವದ ದಾಖಲೆಯಲ್ಲಿ ಒಂದು ತಾಣ, ಪಕ್ಷಿತಜ್ಞರ ಟಿಪ್ಪಣಿಯಲ್ಲಿ ಗೂಡಿನ ಆಸರೆ, ಅಲ್ಲಿನ ಮೂಲನಿವಾಸಿಗಳಾದ ಹೈಡಾ ಮೊದಲಾದ ಜನರಿಗೆ ಹಿರಿಯರ ಕೈ ತಾಗಿದ ಜೀವಂತ ಗುರುತು. ಬ್ರಿಟಿಷ್ ಕೊಲಂಬಿಯಾದ ಕಾನೂನು 1846ಕ್ಕೆ ಹಿಂದಿನ ಇಂಥ ಗುರುತುಗಳಿಗೆ ತಾನಾಗಿಯೇ ರಕ್ಷಣೆ ಕೊಡುತ್ತದೆ, ಅದರ ನಂತರ ಸುಲಿದ ಮರಗಳಿಗೆ ಆ ಭರವಸೆಯಿಲ್ಲ. ಅಂದರೆ ಅಜ್ಜಿಯ ಅಜ್ಜಿ ಸುಲಿದ ಮರ ಉಳಿದು, ಅಜ್ಜಿ ಸುಲಿದ ಮರ ಗರಗಸಕ್ಕೆ ಹೋಗಬಹುದು. ಪರಂಪರೆಯನ್ನು ಹಳತು ಎಂಬ ಒಂದೇ ಅರ್ಥಕ್ಕೆ ಕಟ್ಟಿಹಾಕಿದರೆ ಹೀಗಾಗುತ್ತದೆ. ನಿಮ್ಮ ದತ್ತಾಂಶದಲ್ಲಿ ಕಾಲದ ಜೊತೆಗೆ ಇನ್ನೊಂದು ಕಾಲಂ ಇರಲಿ: ಈ ಬಳಕೆ ಇಂದಿಗೂ ನಡೆಯುತ್ತಿದೆಯೇ, ನಡೆಯಲು ಏನು ಬೇಕು?

ಪ್ರಶ್ನೆ: ಸಮುದಾಯದ ಹಿರಿಯರು ಪವಿತ್ರ ಸ್ಥಳಗಳನ್ನು ನಕ್ಷೆಯಲ್ಲಿ ತೋರಿಸಲು ಒಪ್ಪುವುದಿಲ್ಲ. ತೋರಿಸದೆ ರಕ್ಷಿಸುವುದು ಹೇಗೆ? — ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ

ಉತ್ತರ: ಅವರ ಹಿಂಜರಿಕೆಗೆ ಬಲವಾದ ಕಾರಣಗಳಿವೆ. ಜಾಗ ಬಹಿರಂಗವಾದ ಕೂಡಲೇ ಕುತೂಹಲಿಗಳೂ ನಿಧಿಗಳ್ಳರೂ ಬರುತ್ತಾರೆ. ಕೆಲವು ಸ್ಥಳಗಳ ವಿಷಯವನ್ನು ಎಲ್ಲರಿಗೂ ಹೇಳುವುದೇ ಆ ಸ್ಥಳಕ್ಕೆ ಮಾಡುವ ಅಪಚಾರ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯೇ ಹಾನಿಯ ಭಯವಿರುವ ಕಡೆ ಸ್ಥಳದ ವಿವರವನ್ನು ಸಾರ್ವಜನಿಕರಿಂದ ಮರೆಮಾಡಲು ಅವಕಾಶ ಕೊಡುತ್ತದೆ.

ಯೋಜನೆಗೆ ಅನೇಕ ಸಲ ನಿಖರವಾದ ಜಾಗ ಬೇಕಾಗಿಯೇ ಇರುವುದಿಲ್ಲ. "ಎಲ್ಲಿದೆ?" ಎಂದು ಕೇಳುವ ಬದಲು "ಈ ಕಣಿವೆಯಲ್ಲಿ ಏನು ನಡೆಯಬಾರದು, ಯಾವ ತಿಂಗಳಲ್ಲಿ ಯಾರೂ ಬರಬಾರದು?" ಎಂದು ಕೇಳಿ. ಬಂದ ಉತ್ತರವನ್ನು ನಿಜವಾದ ಜಾಗಕ್ಕಿಂತ ಬಹಳ ದೊಡ್ಡದಾದ ಒಂದು ಪ್ರದೇಶಕ್ಕೆ ಅನ್ವಯಿಸಿದರೆ ಜಾಗವೂ ಗುಟ್ಟಾಗಿ ಉಳಿಯುತ್ತದೆ, ರಕ್ಷಣೆಯೂ ಸಿಗುತ್ತದೆ. ಮೂಲ ದಾಖಲೆ ಸಮುದಾಯದ ಕೈಯಲ್ಲೇ ಇರಲಿ, ನಿಮ್ಮ ಕಚೇರಿಗೆ ಬರುವುದು ಅದರ ಫಲಿತಾಂಶ ಮಾತ್ರ. ಕೊಟ್ಟ ಮಾಹಿತಿಯನ್ನು ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿದೆ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ಕೊಡಿ. ಅವರು ಯಾವುದನ್ನೂ ಹೇಳದಿರಲು ನಿರ್ಧರಿಸಿದರೆ ಅದನ್ನೂ ಒಂದು ಉತ್ತರವೆಂದೇ ಗೌರವಿಸಬೇಕು; ಮಾಹಿತಿ ಲಭ್ಯವಿಲ್ಲ ಎಂದು ಬರೆದು ಮುಂದೆ ಹೋಗಬಾರದು.

ಪ್ರಶ್ನೆ: ನಿಸರ್ಗ ಮತ್ತು ಪರಂಪರೆ ಎದುರುಬದುರಾದಾಗ ಯಾವುದಕ್ಕೆ ಮೊದಲ ಆದ್ಯತೆ? — ನಿವೃತ್ತ ಎಂಜಿನಿಯರ್

ಉತ್ತರ: ಎಲ್ಲ ಕಡೆಗೂ ಒಪ್ಪುವ ಆದ್ಯತಾ ಪಟ್ಟಿ ಇಲ್ಲ. ಸಂಘರ್ಷ ನಿಜವಾದದ್ದು, ಅದನ್ನು ಮುಚ್ಚಿಟ್ಟು ಎಲ್ಲವೂ ಹೊಂದಿಕೊಳ್ಳುತ್ತದೆ ಎನ್ನುವ ವರದಿಗಳನ್ನು ನಂಬಬೇಡಿ.

ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯನ್ನು ನೋಡಿ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಲ್ಲಿ ಕಟ್ಟಿದ ಎರಡು ಅಣೆಕಟ್ಟುಗಳಲ್ಲಿ ಮೀನು ಹತ್ತಿಹೋಗಲು ದಾರಿಯಿರಲಿಲ್ಲ, ಸಾಲ್ಮನ್ ಮೀನುಗಳಿಗೆ ನದಿಯ ಬಹುಭಾಗ ಮುಚ್ಚಿಹೋಯಿತು. ಕಾಲಕ್ರಮದಲ್ಲಿ ಆ ಅಣೆಕಟ್ಟುಗಳೇ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು. ಅಂದರೆ ಅವನ್ನು ಒಡೆಯುವುದು ಎಂಜಿನಿಯರಿಂಗ್ ಪರಂಪರೆಯೊಂದನ್ನು ಕಳೆದುಕೊಳ್ಳುವುದೇ ಆಗಿತ್ತು. ದಾಖಲೆ ಮಾಡಿಟ್ಟುಕೊಂಡು, 2011ರಿಂದ 2014ರ ನಡುವೆ ಎರಡನ್ನೂ ತೆಗೆಯಲಾಯಿತು. ಜಲಾಶಯ ಬರಿದಾದಾಗ, ಲೋವರ್ ಎಲ್ವಾ ಕ್ಲಾಲಮ್ ಜನರು ತಮ್ಮ ಸೃಷ್ಟಿ ನಡೆದ ಸ್ಥಳವೆಂದು ಹಿರಿಯರ ಬಾಯಿಂದ ಕೇಳುತ್ತ ಬಂದಿದ್ದ ಬಂಡೆ ಸುಮಾರು ಒಂದು ಶತಮಾನದ ಬಳಿಕ ನೀರಿನಿಂದ ಹೊರಬಂತು. ಅಲ್ಲಿ ಎದುರುಬದುರಾಗಿದ್ದದ್ದು ನಿಸರ್ಗ ಒಂದು ಕಡೆ, ಪರಂಪರೆ ಇನ್ನೊಂದು ಕಡೆ ಎಂದಲ್ಲ. ಎರಡು ಪರಂಪರೆಗಳು, ಮತ್ತು ಅವುಗಳಲ್ಲಿ ಒಂದು ನದಿಯ ಪಕ್ಷದಲ್ಲಿತ್ತು. ಪ್ರಶ್ನೆಯನ್ನು ಎರಡೇ ಪಕ್ಷಗಳಾಗಿ ಹಾಕುವ ಮೊದಲು ಯಾರ ಪರಂಪರೆ, ಅದು ಯಾವಾಗ ಇನ್ನೊಂದರ ಮೇಲೆ ಬಂದು ಕುಳಿತಿತು ಎಂದು ಕೇಳುವುದು ಒಳ್ಳೆಯದು. ಹಾಗೆ ಕೇಳಿದ ಮೇಲೂ ನಷ್ಟವೊಂದು ಉಳಿಯುತ್ತದೆ. ಯಾವುದನ್ನು, ಯಾರ ಒಪ್ಪಿಗೆಯಿಂದ, ಏಕೆ ಬಿಟ್ಟುಕೊಟ್ಟೆವು ಎಂಬುದು ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಪ್ರಶ್ನೆ: ಪರಂಪರೆಯ ಹೆಸರಿನಲ್ಲಿ ಜನರನ್ನು ಹಳೆಯ ಜೀವನಕ್ಕೆ ಕಟ್ಟಿಹಾಕಿದಂತಾಗುವುದಿಲ್ಲವೇ? — ಕೃಷಿ ಕುಟುಂಬದ ಯುವಕ

ಉತ್ತರ: ಕಟ್ಟಿಹಾಕಿದರೆ ಪರಂಪರೆಯೂ ಉಳಿಯುವುದಿಲ್ಲ. ಫಿಲಿಪೀನ್ಸ್‌ನ ಇಫುಗಾವೊ ಗುಡ್ಡಗಳ ಮೆಟ್ಟಿಲು ಗದ್ದೆಗಳು 1995ರಲ್ಲಿ ವಿಶ್ವ ಪರಂಪರೆಯಾದವು, 2001ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋದವು, 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಗದ್ದೆಗಳ ಮೇಲ್ಭಾಗದಲ್ಲಿ ಕುಟುಂಬಗಳು ಕಾಪಾಡುವ 'ಮುಯೊಂಗ್' ಕಾಡುಗಳಿಂದ ನೀರು ಇಳಿದುಬರುತ್ತದೆ. ಕಾಡು, ಕಾಲುವೆ, ಗದ್ದೆ, ದುಡಿಯುವ ಕೈ ಇವುಗಳಲ್ಲಿ ಒಂದು ಸಡಿಲವಾದರೂ ಉಳಿದವು ಜಾರುತ್ತವೆ. ಯುವಕರು ಊರು ಬಿಟ್ಟದ್ದು ತಪ್ಪಲ್ಲ, ಅಲ್ಲಿ ಉಳಿದರೆ ಬದುಕು ಸಾಗುವಂತೆ ಮಾಡದಿದ್ದದ್ದು ಯೋಜನೆಯ ಕೊರತೆ. ರಕ್ಷಿಸಬೇಕಾದದ್ದು ಗದ್ದೆಯ ಆಕಾರದ ಜೊತೆಗೆ ಅದನ್ನು ದುರಸ್ತಿಯಲ್ಲಿಡುವ ಸಾಮರ್ಥ್ಯವನ್ನು. ಆ ಸಾಮರ್ಥ್ಯ ಹೊಸ ಉಪಕರಣ, ಹೊಸ ಬೆಳೆ, ಹೊಸ ವಿದ್ಯೆಗಳನ್ನು ಸೇರಿಸಿಕೊಂಡರೆ ಅದಕ್ಕೆ ಅಡ್ಡಿ ಮಾಡಬಾರದು.

ಕ್ಯಾಲಿಫೋರ್ನಿಯಾದ ಕರೂಕ್ ಮತ್ತು ಯೂರೊಕ್ ಜನರ ಬುಟ್ಟಿ ನೇಯುವ ಕೆಲಸದಲ್ಲೂ ಇದೇ ಕಾಣುತ್ತದೆ. ಬುಟ್ಟಿಗೆ ಬೇಕಾದ ಹೇಝಲ್ ಕಡ್ಡಿ ನೇರವಾಗಿ, ಕವಲಿಲ್ಲದೆ, ಹುಳು ತಾಗದೆ ಇರಬೇಕು. ಅಂಥ ಕಡ್ಡಿ ಸಿಗುವುದು ಪೊದೆಯನ್ನು ಹಿತಮಿತವಾಗಿ ಸುಟ್ಟ ಮೇಲೆ ಬರುವ ಹೊಸ ಚಿಗುರಿನಲ್ಲಿ. ಇಪ್ಪತ್ತನೆಯ ಶತಮಾನದ ಬಹುಭಾಗ ಅಂಥ ಬೆಂಕಿಯನ್ನು ಅಪರಾಧವೆಂದು ನೋಡಲಾಯಿತು. ಕಡ್ಡಿ ಸಿಗದೆ ನೇಯ್ಗೆ ಸೊರಗಿತು, ಇತ್ತ ಒಣ ಕಸ ಕೂಡಿಕೊಂಡು ಕಾಡಿನ ಬೆಂಕಿಯೂ ಉಗ್ರವಾಯಿತು. ಇಂದು ಬೆಂಕಿ ಇಡುವ ಹಕ್ಕು ಮತ್ತೆ ಹಂತಹಂತವಾಗಿ ಅವರ ಕೈಗೆ ಬರುತ್ತಿದೆ. ಬುಟ್ಟಿಗಳನ್ನು ಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟಿದ್ದರಿಂದ ಈ ಯಾವುದೂ ಆಗುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಯೋಜನೆಯ ಕರಡು ಈಗಾಗಲೇ ಸಿದ್ಧವಾಗಿದೆ. ಈಗ ಏನಾದರೂ ಮಾಡಲು ಸಾಧ್ಯವೇ? — ಯೋಜನಾಧಿಕಾರಿ

ಉತ್ತರ: ಸಾಧ್ಯವಿದೆ, ಆದರೆ ಕರಡನ್ನು ಹಿಡಿದುಕೊಂಡು ಜನರ ಬಳಿ ಹೋಗಬೇಡಿ. ಮುಗಿದ ದಾಖಲೆಯನ್ನು ಮುಂದಿಟ್ಟು ಅಭಿಪ್ರಾಯ ಕೇಳಿದರೆ ಸಿಗುವುದು ಸಹಿ ಮಾತ್ರ. ನದಿ, ತೊರೆ, ಬೆಟ್ಟಗಳ ಗೆರೆಗಳನ್ನಷ್ಟೇ ಬಿಡಿಸಿದ ಒಂದು ಖಾಲಿ ನಕ್ಷೆಯನ್ನು ಒಯ್ಯಿರಿ. ಮೊದಲು ಹೆಸರುಗಳನ್ನು ಕೇಳಿ. ಹೆಸರುಗಳಲ್ಲಿ ಒಂದು ಕಾಲದ ನೀರು, ಬೆಂಕಿ, ಬೆಳೆ, ಸಾವುಗಳ ಸುದ್ದಿ ಅಡಗಿರುತ್ತದೆ. ಅವರು ಹೇಳಿದಂತೆಯೇ ಬರೆದುಕೊಳ್ಳಿ, ಸರ್ಕಾರಿ ನಕ್ಷೆಯ ಹೆಸರಿಗೆ ತಿದ್ದಬೇಡಿ. ಅನಂತರ ಮಾತ್ರ ನಿಮ್ಮ ಕರಡನ್ನು ತೆರೆದು, ಯಾವ ವಲಯದ ಗಡಿ ಯಾವ ಹೆಸರನ್ನು ಇಬ್ಭಾಗ ಮಾಡುತ್ತದೆ ಎಂದು ಅವರೊಂದಿಗೇ ಕುಳಿತು ನೋಡಿ.

ನಿರ್ಧಾರದ ಅಧಿಕಾರದ ಬಗ್ಗೆ ಒಂದು ಮಾತು. ಕೆನಡಾ ಸರ್ಕಾರ ಮತ್ತು ಹೈಡಾ ಜನರು ಗ್ವಾಯ್ ಹಾನಾಸ್ ದ್ವೀಪಗಳ ಆಡಳಿತಕ್ಕಾಗಿ 1993ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಆ ನೆಲ ಯಾರದ್ದು ಎಂಬ ಬಗ್ಗೆ ಎರಡೂ ಕಡೆಯ ಭಿನ್ನವಾದ ನಿಲುವುಗಳನ್ನು ಅಕ್ಕಪಕ್ಕದ ಎರಡು ಕಾಲಂಗಳಲ್ಲಿ ಮುದ್ರಿಸಲಾಗಿದೆ. ಒಡೆತನದ ವಿಷಯದಲ್ಲಿ ಒಮ್ಮತವಿರಲಿಲ್ಲ, ಆದರೂ ಎರಡೂ ಕಡೆಯ ಸಮಾನ ಸಂಖ್ಯೆಯ ಸದಸ್ಯರ ಮಂಡಳಿಯೊಂದು ರಚನೆಯಾಗಿ ಇಂದಿಗೂ ಆ ದ್ವೀಪಗಳನ್ನು ನೋಡಿಕೊಳ್ಳುತ್ತಿದೆ. ನಿಮ್ಮ ಕರಡಿನಲ್ಲೂ ಒಪ್ಪಿಗೆಯಾಗದ ಅಂಶಗಳನ್ನು ಅಳಿಸಿಹಾಕುವ ಬದಲು ಎರಡು ಕಾಲಂಗಳಲ್ಲಿ ಉಳಿಸಿಕೊಳ್ಳಿ. ಮುಂದಿನ ಪರಿಷ್ಕರಣೆಯ ದಿನಾಂಕವನ್ನು ಅದರ ಕೆಳಗೇ ನಮೂದಿಸಿ, ಆ ದಿನದ ಸಭೆಯನ್ನು ಯಾವ ಊರಿನಲ್ಲಿ ಸೇರಿಸಬೇಕೆಂಬುದನ್ನು ಹಿರಿಯರೇ ಹೇಳಲಿ.